ಸತ್ಯಾಂಶ: ಉಡುಪಿಯಲ್ಲಿ ಮಳೆ ಬಿಟ್ಟರೆ ಹಳ್ಳ ಇಳಿದಂತೆಯೇ?

‘ಉಡುಪಿಯಲ್ಲಿ ಮಳೆ ನಿಂತು ಎರಡು ಗಂಟೆಯಾದರೆ ಹೆಬ್ರಿ ಕಡೆಯ ಹಳ್ಳಗಳಿಗೆ ಧೈರ್ಯವಾಗಿ ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಇಳಿಸಿ, ನೀರು ಏರುವುದಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಜೀವಕ್ಕೇ ಅಪಾಯ.

ಹೆಬ್ರಿಯ ಸೀತಾ ನದಿಗೆ ನೀರು ಬರುವುದು ಆಗುಂಬೆ ಸುತ್ತಿನ ಘಟ್ಟದಿಂದ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಕೆಳಗೆ ಬಿಸಿಲಿದ್ದರೂ ಮೇಲೆ ಸುರಿಯುತ್ತಿರಬಹುದು.

ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕವನ್ನೂ ನಂಬಿ ಇಳಿಯುವಂತಿಲ್ಲ. ಅದು ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳದ್ದು. 60 ಮಿ.ಮೀ. ಎಂದಿದ್ದರೆ ಅದು ಇಡೀ ದಿನ ಜಿನುಗಿದ್ದೋ ಒಂದೇ ಗಂಟೆಯಲ್ಲಿ ಹೊಡೆದದ್ದೋ ತಿಳಿಯದು. ಸಣ್ಣ ಹಳ್ಳಕ್ಕೆ ಆ ವ್ಯತ್ಯಾಸವೇ ಎಲ್ಲ. ಒಂದು ಚದರ ಕಿ.ಮೀ. ಮೇಲೆ 1 ಮಿ.ಮೀ. ಬಿದ್ದರೂ 10 ಲಕ್ಷ ಲೀಟರ್. ಜೂನ್ ಮೊದಲ ಮಳೆಯನ್ನು ಒಣ ನೆಲ ಬಹಳಷ್ಟು ಹೀರುತ್ತದೆ. ಜುಲೈಯಲ್ಲಿ ನೆಲ ತುಂಬಿರುತ್ತದೆ, ಬಿದ್ದದ್ದು ನೇರ ಹಳ್ಳಕ್ಕೆ.

ಹಾಗಾಗಿ ಹಳ್ಳವನ್ನೇ ನೋಡಿ. ಕಾಲುಸಂಕದ (ಹಳ್ಳ ದಾಟುವ ಕಿರುಸೇತುವೆ) ಕಂಬದಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ ಅರ್ಧ ಗಂಟೆ ಕಾಯಿರಿ. ಗುರುತು ಮುಳುಗಿದರೆ, ತಿಳಿನೀರು ಕೆಂಪಾದರೆ, ತರಗೆಲೆ, ಕಡ್ಡಿ ರಾಶಿಯಾಗಿ ತೇಲಿ ಬಂದರೆ ಇಳಿಯಬೇಡಿ. ಕೆಳಗೆ ಕಿಂಡಿ ಅಣೆಕಟ್ಟು (ಕಂಬಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ಸಣ್ಣ ಒಡ್ಡು) ಇದೆಯೇ ಎಂದು ತೋಟದವರನ್ನು ಕೇಳಿ: ನೀರು ಕಿಂಡಿಯಲ್ಲಿ ನುಗ್ಗಿಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.