ಅನುಭವ ಸರಿ, ಪುಸ್ತಕ ಯಾವ ಕಾಲದ್ದು?

ಅನುಭವಿ ಮೇಷ್ಟ್ರುಗಳೇ ಬರ್ದಿರೋದ್ರಿಂದ ಸ್ಕೂಲ್ ಮಕ್ಕಳ ಕಂಪ್ಯೂಟರ್ ಪುಸ್ತಕಗಳನ್ನ ಕಣ್ಮುಚ್ಚಿ ತಗೋಬೋದು ಅಂದಿದೀರಲ್ಲ, ಅದೊಂದು ಮಾತು ಒಪ್ಪಕ್ಕಾಗಲ್ಲ ಸಾರ್. ಮಂಡ್ಯದಲ್ಲಿ ನನ್ನ ಮಗಳ ಸ್ಕೂಲಲ್ಲೂ ಅಂಥದ್ದೇ ಒಂದು ಪುಸ್ತಕ, ಹೇಳ್ಕೊಡೋ ರೀತಿ ನಿಜ್ವಾಗ್ಲೂ ಚೆನ್ನಾಗದೆ, ಲೂಪ್ ಅನ್ನೋದನ್ನ, ಅಂದ್ರೆ ಒಂದೇ ಕೆಲ್ಸನ ಕಂಪ್ಯೂಟರ್ ಕೈಲಿ ಮತ್ತೆ ಮತ್ತೆ ಮಾಡ್ಸೋದನ್ನ, ಆಲೆಮನೆ ಗಾಣದ ಎತ್ತಿಗೆ ಹೋಲ್ಸವ್ರೆ, ಅದು ಪಾಠ ಮಾಡಿದೋರಿಗೇ ಹೊಳೆಯೋದು ಬಿಡಿ. ಆದ್ರೆ ಅದರಲ್ಲಿರೋ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಪ್ರೋಗ್ರಾಂ ಟೈಪ್ ಮಾಡಿದ್ರೆ ಬರೀ ಎರರ್, ನೋಡಿದ್ರೆ 'print' ಅನ್ನೋ ಪದದ ಮುಂದೆ ಬ್ರಾಕೆಟ್ಟೇ ಇಲ್ಲ, ಈಗಿನ ಪೈಥಾನ್ 3ಕ್ಕೆ ಅದು ಬೇಕೇಬೇಕು, ಪುಸ್ತಕದ್ದು ಹಳೇ ಪೈಥಾನ್ 2 ಕಾಲದ್ದು, ಅದಕ್ಕೆ ಸಪೋರ್ಟು 2020ರ ಜನವರಿಗೇ ನಿಂತೋಯ್ತು! ಕೂಸು ತನ್ನದೇ ತಪ್ಪು ಅನ್ಕೊಂಡು ಅರ್ಧ ಗಂಟೆ ಒದ್ದಾಡ್ತು. ಕವರ್ ಮೇಲೆ 'ಪರಿಷ್ಕೃತ ಮುದ್ರಣ' ಅಂತ ಬೇರೆ, ಬದ್ಲಾಗಿರೋದು ಬಣ್ಣ, ರೇಟು ಅಷ್ಟೇ. ಬರ್ದೋರಿಗೆ ಎಷ್ಟು ವರ್ಷ ಸರ್ವೀಸು ಅಂತ ಹಾಕೋ ಜಾಗದಲ್ಲಿ ಪ್ರೋಗ್ರಾಂಗಳನ್ನ ಕೊನೇ ಸಲ ಯಾವಾಗ ಓಡ್ಸಿ ನೋಡಿದ್ರು ಅಂತ ಹಾಕ್ಲಿ.