ಹಳೇ ಸೀರೆಗೆ ಸ್ಟೀಲ್ ಪಾತ್ರೆ

ನಿನ್ನೆ ಬೆಳಿಗ್ಗೆ ನಮ್ಮ ಓಣಿಗೆ ಪಾತ್ರೆ ಮಾರೋಳು ಬಂದಿದ್ಲು. ತಲೆ ಮೇಲೆ ಸ್ಟೀಲ್ ಪಾತ್ರೆ ಬುಟ್ಟಿ, ಹೆಗಲಿಗೆ ಬಟ್ಟೆ ಗಂಟು, "ಹಳೇ ಸೀರಿ ಹಳೇ ಪ್ಯಾಂಟಿಗೆ ಪಾತ್ರೀಈಈ" ಅಂತ ಕೂಗು. ದಾವಣಗೆರೆಯಲ್ಲಿ ಬೆಳೆದವರಿಗೆ ಆ ಕೂಗು ಹೇಗಿರುತ್ತೆ ಅಂತ ನಾನೇನು ಹೇಳಬೇಕಾಗಿಲ್ಲ. ಅವ್ವ ಒಳಗೆ ತಮ್ಮನ ಹಳೇ ಪ್ಯಾಂಟು ಹುಡುಕ್ತಾ ಇದ್ರೆ ನಾನು ಕಟ್ಟೆ ಮೇಲೆ ಕೂತು ಆಕಿ ಗಂಟು ಬಿಚ್ಚಿಸಿ ಆಗಿತ್ತು, ಕೊಡೋಕಲ್ಲ, ತಗೊಳ್ಳೋಕೆ. ಆಕಿಗೆ ತಲೆಬುಡ ಅರ್ಥ ಆಗ್ಲಿಲ್ಲ. "ಯಕ್ಕಾ, ಇವು ಮಂದಿ ಉಟ್ಟು ಬಿಟ್ಟಿದ್ದು, ನಿಮಗ್ಯಾಕ್ ಬೇಕ್ರಿ?" ಅಂದ್ಲು. ಏಳು ಕಾಟನ್ ಸೀರೆ, ಎರಡು ಪಟಾಪಟಿ ಚಡ್ಡಿ, ಬೆನ್ನಿಗೆ ತೂತು ಬಿದ್ದ ಮೂರು ಬನೀನು, ಒಂದು ಮಾಸಿದ ಖಾಕಿ ಅಂಗಿ. 600 ರೂಪಾಯಿ ಕೊಟ್ಟೆ. ಅವ್ವ ಹೊರಗೆ ಬಂದು ನೋಡಿ ಹಣೆ ಚಚ್ಚಿಕೊಂಡ್ಲು. "ಮಗಳು ಬೆಂಗಳೂರಾಗ ಸಿನಿಮಾದಾಗ ಅದಾಳ ಅಂತ ಊರ ತುಂಬ ಹೇಳ್ಕೊಂಡು ತಿರುಗ್ತೀನಿ, ನೀನು ನೋಡಿದ್ರ ಇಲ್ಲಿ ಗುಜರಿ ಆರಿಸಾಕತ್ತಿ. ಎದುರು ಮನಿಯವ್ರು ನೋಡಾಕತ್ತಾರ, ಏಳು."

ಹೌದು, ನನ್ನ ಕೆಲಸ ಗುಜರಿ ಆರಿಸೋದೇ. ಹನ್ನೊಂದು ವರ್ಷದಿಂದ ಕಾಸ್ಟ್ಯೂಮ್ ಡಿಪಾರ್ಟ್‌ಮೆಂಟಲ್ಲಿ ಅಸಿಸ್ಟೆಂಟ್ ನಾನು, ಸೀರಿಯಲ್ಲೂ ಮಾಡಿದ್ದೀನಿ ಸಿನಿಮಾನೂ ಮಾಡಿದ್ದೀನಿ. ಮದುವೆ ಮುಂಜಿಗೆ ಹೋದ್ರೆ ಎಲ್ಲರದ್ದೂ ಒಂದೇ ಪ್ರಶ್ನೆ, ಆ ಹೀರೋಯಿನ್ ಸೀರೆ ನೀನೇ ಸೆಲೆಕ್ಟ್ ಮಾಡ್ತೀಯಾ, ಶೂಟಿಂಗ್ ಮುಗಿದ ಮೇಲೆ ಆ ಸೀರೆ ಏನ್ ಮಾಡ್ತಾರೆ, ನಮಗೊಂದು ಕೊಡಿಸ್ತೀಯಾ. ಹೀರೋಯಿನ್ ಸೀರೆ ತರೋದು ಈ ಕೆಲಸದಲ್ಲಿ ಅತೀ ಸುಲಭದ ಭಾಗ ಕಣ್ರೀ, ಅಂಗಡಿಗೆ ಹೋಗಿ ದುಡ್ಡು ಕೊಟ್ರೆ ಬರುತ್ತೆ. ಎಷ್ಟೋ ಸೀರಿಯಲ್‌ಗಳಲ್ಲಂತೂ ಕಲಾವಿದರೇ ತಮ್ಮ ಬಟ್ಟೆ ತಾವೇ ತರಬೇಕು, ಪಾಪ, ಬರೋ ಪೇಮೆಂಟಲ್ಲಿ ಅರ್ಧ ಬ್ಲೌಸ್ ಹೊಲಿಸೋಕೇ ಹೋಗುತ್ತೆ. ಕಷ್ಟ ಇರೋದು ಮನೆ ಕೆಲಸದ ಅಮ್ಮನ ಸೀರೆ, ಹಮಾಲಿ ಅಂಗಿ, ಹೋಟೆಲ್ ಭಟ್ಟರ ಲುಂಗಿ ತರೋದ್ರಲ್ಲಿ. ಅದು ಯಾವ ಅಂಗಡೀಲೂ ಸಿಗಲ್ಲ.

ನನ್ನ ತಕರಾರು ಇಷ್ಟೇ. ನಮ್ಮ ಸೀರಿಯಲ್ ಸಿನಿಮಾಗಳಲ್ಲಿ ಯಾರ ಹತ್ರಾನೂ ಹಳೇ ಬಟ್ಟೆ ಇಲ್ಲ. ಬಾಡಿಗೆ ಕಟ್ಟೋಕೆ ದುಡ್ಡಿಲ್ಲ ಅಂತ ಅಳ್ತಾ ಇರೋ ತಾಯಿ ಉಟ್ಟಿರೋ ಸೀರೇಲಿ ಅಂಗಡಿ ಮಡಿಕೆ ಗೆರೆ ಹಾಗೇ ಇರುತ್ತೆ, ನಾಲ್ಕು ಮಡಿಕೆ, ಎಣಿಸಬಹುದು. ಮಂಡಿಪೇಟೆ ಥರದ ಜಾಗದಲ್ಲಿ ಮೂಟೆ ಹೊರೋ ಪಾತ್ರಕ್ಕೆ ಕಾಲರ್ ಒಳಗೆ ಕಾರ್ಡ್‌ಬೋರ್ಡ್ ಈಗ ತಾನೇ ತೆಗೆದ ಚೆಕ್ಸ್ ಅಂಗಿ. ಒಂದು ಸಲ ಹೀಗೇ ಸೆಟ್ಟಲ್ಲಿ ತಡೀಲಾರದೆ ಡೈರೆಕ್ಟ್ರ ಹತ್ರ ಹೋಗಿ ಸಾರ್ ಹಮಾಲರ ಅಂಗಿ ಹೀಗಿರಲ್ಲ ಸಾರ್, ಚೀಲ ಹೊರೋ ಹೆಗಲಿನ ಕಡೆ ಸವೆದು ಜಾಳು ಆಗಿರುತ್ತೆ, ಕುತ್ತಿಗೆ ಹಿಂದೆ ಕಾಲರ್ ತಿರುಗಿಸಿ ಹೊಲಿಸಿರ್ತಾರೆ, ಇನ್ನೊಂದು ಹೆಗಲು ಗಟ್ಟಿಯಾಗೇ ಇರುತ್ತೆ, ಎರಡೂ ಹೆಗಲಿನ ಬಣ್ಣ ಬೇರೆ ಬೇರೆ ಇರುತ್ತೆ ಅಂತ ಹೇಳಿದ್ರೆ, ಅವರು ನನ್ನ ಮುಖ ನೋಡಿ "ಸೂಪರ್ ಮೇಡಂ, ಆದ್ರೆ ಈಗ ಟೈಮಿಲ್ಲ, ಸ್ವಲ್ಪ ಮಣ್ಣು ಹಚ್ಚಿಬಿಡಿ" ಅಂದ್ರು. ಎದೆ ಮೇಲೆ ಎರಡು ಬೊಗಸೆ ಮಣ್ಣು. ಅದಕ್ಕೇ ಟೀವೀಲಿ ನಮ್ಮ ಬಡವರೆಲ್ಲ ಈಗ ತಾನೇ ಹೊಸ ಬಟ್ಟೆ ಹಾಕ್ಕೊಂಡು ಜಾರಿ ಬಿದ್ದು ಎದ್ದು ಬಂದೋರ ಥರ ಕಾಣ್ತಾರೆ.

ಬಟ್ಟೆ ಎಲ್ಲೆಲ್ಲಿ ಹಳೇದಾಗುತ್ತೆ ಅನ್ನೋದು ಆ ಮನುಷ್ಯ ಏನು ಮಾಡ್ತಾನೆ ಅನ್ನೋದ್ರ ಮೇಲೆ ಹೋಗುತ್ತೆ. ಅಡುಗೆ ಮನೇಲಿ ದಿನಾ ನಿಲ್ಲೋ ಹೆಂಗಸಿನ ಸೆರಗು ನೋಡಿ, ಒಂದು ತುದಿ ಮಾತ್ರ ಗಟ್ಟಿ ಗಟ್ಟಿ ಆಗಿ ಬಣ್ಣ ಹೋಗಿರುತ್ತೆ, ಯಾಕಂದ್ರೆ ಬಿಸಿ ಪಾತ್ರೆ ಇಳಿಸೋಕೆ, ಕೈ ಒರೆಸೋಕೆ, ಮಗು ಮೂಗು ಒರೆಸೋಕೆ ಎಲ್ಲಕ್ಕೂ ಅದೇ ತುದಿ. ಹೊಸ ಬಟ್ಟೆಗೆ ಇದನ್ನ ತರಬೇಕು ಅಂದ್ರೆ ನಾವು ಮೊದಲು ನಾಲ್ಕೈದು ಸಲ ಸೋಡಾ ಹಾಕಿ ಬಿಸಿ ನೀರಲ್ಲಿ ತೊಳೆದು ಗಂಜಿ ಬಿಡಿಸ್ತೀವಿ, ಟೀ ಡಿಕಾಕ್ಷನ್ನಲ್ಲಿ ಅದ್ದುತೀವಿ, ಕಾಲರ್ ಕಫ್ ಮೊಣಕೈಗೆ ಸ್ಯಾಂಡ್ ಪೇಪರ್ ಉಜ್ಜುತೀವಿ, ಜೇಬಿಗೆ ಕಲ್ಲು ತುಂಬಿ ಒದ್ದೆ ಅಂಗಿ ರಾತ್ರಿಯೆಲ್ಲ ನೇತು ಹಾಕಿದ್ರೆ ಬೆಳಿಗ್ಗೆಗೆ ಜೇಬು ಹತ್ತು ವರ್ಷ ಬೀಡಿ ಕಟ್ಟು ಇಟ್ಟೋರ ಜೇಬಿನ ಹಾಗೆ ಜೋತಿರುತ್ತೆ. ನನ್ನ ಕಿಟ್ಟಲ್ಲಿ ಒಂದು ಕೊಬ್ಬರಿ ತುರಿಯೋ ಮಣೆ ಇದೆ, ಕೊಬ್ಬರಿ ಮುಟ್ಟಿಸಿಲ್ಲ, ಬರೀ ಪ್ಯಾಂಟ್ ಮಂಡಿ ತುರಿದಿದ್ದೀನಿ. ಇಷ್ಟೆಲ್ಲ ಮಾಡಿದ್ರೂ ಪಾತ್ರೆಯವಳ ಗಂಟಿನಲ್ಲಿ ಸಿಗೋ ಸೀರೆಯ ಹತ್ರ ಹತ್ರಾನೂ ಬರಲ್ಲ, ಅದಕ್ಕೇ ಆ 600 ರೂಪಾಯಿ.

ಟೀ ನೀರು ಬರೀ ಬಡವರ ಬಟ್ಟೆಗಲ್ಲ, ಶ್ರೀಮಂತರ ಬಿಳಿ ಪಂಚೆಗೂ ಬೇಕು. ಅಚ್ಚ ಬಿಳಿ ಬಟ್ಟೆಗೆ ಲೈಟ್ ಬಿದ್ರೆ ಕ್ಯಾಮೆರಾದಲ್ಲಿ ಬರೀ ಬೆಳಕಿನ ಮುದ್ದೆ ಕಾಣುತ್ತೆ, ಮುಖ ಕಪ್ಪಾಗುತ್ತೆ, ಅದಕ್ಕೆ ಒಂಚೂರು ಕಂದು ಹಿಡಿಸಿರ್ತೀವಿ. ತೀರಾ ಸಣ್ಣ ಗೆರೆ ಇರೋ ಅಂಗಿ ಬೇಡ ಅಂತ ಕ್ಯಾಮೆರಾದವರು ಬೈತಾರೆ, ಗೆರೆಗಳು ಸ್ಕ್ರೀನ್ ಮೇಲೆ ಹುಳ ಹರಿದಾಡಿದ ಹಾಗೆ ಆಡ್ತವೆ. ಗ್ರೀನ್ ಮ್ಯಾಟ್, ಅಂದ್ರೆ ಆಮೇಲೆ ಕಂಪ್ಯೂಟರಲ್ಲಿ ಬೇರೆ ಚಿತ್ರ ಕೂರಿಸೋಕೆ ಹಿಂದೆ ಕಟ್ಟೋ ಹಸಿರು ಪರದೆ, ಇದ್ರೆ ಹಸಿರು ಸೀರೆ ಬೇಡ. ಗರಿಗರಿ ರೇಷ್ಮೆ ಆದ್ರೆ ಸೌಂಡ್ ಹುಡುಗ ಓಡಿ ಬರ್ತಾನೆ, "ಅಕ್ಕಾ, ಮೈಕಲ್ಲಿ ಬರೀ ಸರಸರ ಸರಸರ, ಡೈಲಾಗೇ ಕೇಳ್ತಿಲ್ಲ" ಅಂತ.

ಇವೆಲ್ಲ ನಾನು ಸೆಟ್ಟಲ್ಲಿ ಕಲಿತಿದ್ದು. ಆದ್ರೆ ಮೊದಲ ಪಾಠ ಆಗಿದ್ದು ಇಲ್ಲೇ, ಚೌಕಿಪೇಟೆಯ ಒಂದು ಸಣ್ಣ ಟೇಲರ್ ಅಂಗಡೀಲಿ. ಅಪ್ಪನ ಅಂಗಡಿ ಅದು. ಚಿಂದೋಡಿ ಲೀಲಾ ಅವರ ಕೆಬಿಆರ್ ನಾಟಕ ಕಂಪನಿಯ ಊರಿದು, ನಾಟಕದ ಹುಚ್ಚು ಇಲ್ಲಿ ಹೊಸದಲ್ಲ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತು ಅಂದ್ರೆ ಕಂಪನಿಗಳು ಟೆಂಟ್ ಹಾಕೋವು, ಅಪ್ಪನಿಗೆ ರಿಪೇರಿ ಕೆಲಸ ಬರೋದು. ಆ ರಾಜನ ಕೋಟು, ಆ ಹಾಸ್ಯದವನ ಅಂಗಿ ಒಳಗೆ ತಿರುಗಿಸಿ ನೋಡಿದ್ರೆ ಎರಡೆರಡು ಇಂಚು ಬಟ್ಟೆ ಒಳಗೆ ಮಡಚಿ ಹೊಲಿದಿರೋದು. ನಾನು ಸಣ್ಣೋಳು, ಇಷ್ಟ್ಯಾಕಪ್ಪ ಬಟ್ಟೆ ವೇಸ್ಟು ಅಂದ್ರೆ "ಈ ವರ್ಷ ರಾಜ ಸಣಕಲ ಅದಾನ, ಮುಂದಿನ ವರ್ಷ ಬರೋ ರಾಜ ಡೊಳ್ಳು ಹೊಟ್ಟಿಯವ ಇದ್ರ ಏನ್ ಮಾಡ್ತಿ?" ಅಂದಿದ್ರು. ಇವತ್ತಿಗೂ ಸೀರಿಯಲ್ ಬ್ಲೌಸ್ ಹೊಲಿಸುವಾಗ ಬೆಂಗಳೂರಿನ ಟೇಲರ್‌ಗೆ ಮಾರ್ಜಿನ್ ಜಾಸ್ತಿ ಬಿಡಪ್ಪಾ ಅಂತ ಕಾಡ್ತೀನಿ.

ಈಗ ದುರ್ಗದ ಕಥೆ. ಯಾವ ಪ್ರಾಜೆಕ್ಟು, ಯಾವ ವರ್ಷ ಅಂತ ಕಾಮೆಂಟಲ್ಲಿ ಕೇಳಬೇಡಿ, ಹೇಳಲ್ಲ, ನನಗೂ ಹೊಟ್ಟೆಪಾಡಿದೆ. ಪಾಳೇಗಾರರ ಕಾಲದ ಸಬ್ಜೆಕ್ಟು, ಚಿತ್ರದುರ್ಗದ ಹೊರಗೆ ಬಂಡೆ ಮಧ್ಯೆ ಶೂಟಿಂಗು, ಏಪ್ರಿಲ್ ಬಿಸಿಲು. ದುರ್ಗದ ಬಿಸಿಲು ಮೇಲಿಂದ ಒಂದು ಪಾಲು ಬಿದ್ರೆ ಕೆಳಗೆ ಬಂಡೆಯಿಂದ ಇನ್ನೊಂದು ಪಾಲು ಎದ್ದು ಬರುತ್ತೆ. ಬೆಂಗಳೂರಿಂದ ಲಾರೀಲಿ ಬಂದ ಸೈನಿಕರ ಡ್ರೆಸ್ ನೋಡ್ತೀನಿ, ಪಾಲಿಯೆಸ್ಟರ್ ವೆಲ್ವೆಟ್ಟು, ಮಿರಮಿರ ಗುಲಾಬಿ ರುಮಾಲು, ಹಿಂದೆ ಝಿಪ್ಪು. ಹೈದರಾಲಿ ಕೋಟೆ ಹಿಡಿದಿದ್ದು 1779ರಲ್ಲಿ. ಝಿಪ್ಪು ಹಾಳಾಗ್ಲಿ, ಸೇಫ್ಟಿ ಪಿನ್ ಅನ್ನೋದು ಹುಟ್ಟಿದ್ದೇ 1849ರಲ್ಲಿ, ಮೊದಲ ಕೆಮಿಕಲ್ ಬಣ್ಣ ಇಂಗ್ಲೆಂಡಿನ ಹುಡುಗನೊಬ್ಬ ಕಂಡುಹಿಡಿದಿದ್ದು 1856ರಲ್ಲಿ, ಪಾಲಿಯೆಸ್ಟರ್ ಅಂತೂ ನಮ್ಮ ಅಜ್ಜಿ ಕಾಲದ್ದು. ಮದಕರಿ ನಾಯಕನ ಸೈನಿಕನಿಗೆ ಆ ಗುಲಾಬಿ ರುಮಾಲು ಯಾವ ಸಂತೇಲಿ ಸಿಕ್ತು? ಆಗ ಇದ್ದಿದ್ದು ನೀಲಿ ಗಿಡದ ಬಣ್ಣ, ಅರಗಿನ ಕೆಂಪು, ಅರಿಶಿನ, ಇಂಥವು, ಅವು ಬಿಸಿಲಿಗೆ ಮಾಸೋ ರೀತಿನೇ ಬೇರೆ.

ನಾನು ಮುಂಚೇನೇ ಹೇಳಿದ್ದೆ. ಇಲ್ಲೇ ಚಳ್ಳಕೆರೆ ಇದೆ, ಮುಕ್ಕಾಲು ಗಂಟೆ ದಾರಿ, ಕೈಮಗ್ಗದ ಕರೀ ಕಂಬಳಿ ಸಿಗುತ್ತೆ, ಮುಂಚೂಣಿ ಇಪ್ಪತ್ತು ಜನಕ್ಕಾದ್ರೂ ಹೆಗಲಿಗೆ ಕಂಬಳಿ ಕೊಡೋಣ, ರಾಣಿ ಪಾತ್ರಕ್ಕೆ ಇದೇ ಜಿಲ್ಲೆಯ ಮೊಳಕಾಲ್ಮೂರು ಸೀರೆ ಇದೆ, ಜಿಐ ಟ್ಯಾಗ್ ಬೇರೆ ಇದೆ, ನೇಕಾರರಿಗೂ ನಾಲ್ಕು ಕಾಸು ಆಗುತ್ತೆ ಅಂತ. "ಕಂಬಳಿ ರಿಚ್ ಕಾಣಲ್ಲಮ್ಮಾ" ಅಂದ್ರು ಮ್ಯಾನೇಜರ್ರು. ಈ 'ರಿಚ್' ಅನ್ನೋ ಪದ ನನ್ನ ಅರ್ಧ ಆಯಸ್ಸು ತಿಂದಿದೆ. ಜೂನಿಯರ್ ಆರ್ಟಿಸ್ಟ್ ಆಗಿ ಬಂದಿದ್ದ ದುರ್ಗದ ಹುಡುಗನೊಬ್ಬ ಮಧ್ಯಾಹ್ನ ಆ ವೆಲ್ವೆಟ್ ಬಿಚ್ಚಿ ಹಿಂಡಿದ, ಬೆವರು ಸುರೀತು, ಸುಳ್ಳಲ್ಲ. "ಯಕ್ಕಾ, ಇದು ಬಟ್ಟಿ ಏನು ಯೂರಿಯಾ ಚೀಲ ಏನು?" ಅಂದ. ಅವನಿಗೆ ಒಂದು ಲೋಟ ಮಜ್ಜಿಗೆ ಕೊಡಿಸಿದೆ, ಇನ್ನೇನು ಮಾಡ್ಲಿ.

ಹಾಗಂತ ತಪ್ಪೆಲ್ಲ ಪ್ರೊಡಕ್ಷನ್ನವರದ್ದೇ, ನಾವು ಸಾಚಾ ಅಂತ ಅಲ್ಲ. ಇನ್ನೊಂದು ಸಿನಿಮಾ, ಅದೂ ದುರ್ಗದಲ್ಲೇ, ಈಗಿನ ಕಾಲದ ಕಥೆ. ಫೈಟ್ ಸೀನಿಗೆ ಹೀರೋದು ಒಂದೇ ಅಂಗಿ ನಾಲ್ಕು ಪೀಸ್ ಹೊಲಿಸಿರ್ತೀವಿ, ಒಂದು ಕ್ಲೀನ್, ಒಂದು ಧೂಳು, ಒಂದು ಹರಿದಿದ್ದು, ಕೊನೇದು ರಕ್ತ ಕೆಸರು ಎಲ್ಲ ಆದದ್ದು. ಶೂಟಿಂಗು ಕಥೆ ಪ್ರಕಾರ ನಡೆಯಲ್ಲ, ಹೊಡೆತ ತಿಂದ ಮೇಲಿನ ಸೀನು ಶುಕ್ರವಾರ ತೆಗೆದ್ರು, ಅದರ ಮುಂದಿನ ಶಾಟು ಸೋಮವಾರ. ನಡುವೆ ಎರಡು ದಿನ ರಜೆ. ರಕ್ತದ ಅಂಗಿ ರೂಮಲ್ಲಿ ಬಿಟ್ರೆ ಇರುವೆ ಮುತ್ತುತ್ತೆ, ನಮ್ಮ ರಕ್ತ ಅಂದ್ರೆ ಸಕ್ಕರೆ ಪಾಕ ಮತ್ತೆ ಬಣ್ಣ, ಗೊತ್ತಲ್ಲ. ಅದಕ್ಕೆ ಕವರಲ್ಲಿ ಸುತ್ತಿ ನನ್ನ ಬ್ಯಾಗಲ್ಲೇ ಹಾಕ್ಕೊಂಡು ದಾವಣಗೆರೆಗೆ ಬಂದೆ, ಅರವತ್ತು ಕಿಲೋಮೀಟರು ತಾನೇ ಅಂತ. ಭಾನುವಾರ ಮಧ್ಯಾಹ್ನ ಮಂಡಕ್ಕಿ ಮಿರ್ಚಿ ತಿಂದು ನಿದ್ದೆ ಹೊಡೆದು ಎದ್ದು ಹಿತ್ತಲಿಗೆ ಹೋದ್ರೆ ತಂತಿ ಮೇಲೆ ನನ್ನ ಹೀರೋ ಅಂಗಿ, ಹಾಲಿನ ಹಾಗೆ ಬೆಳ್ಳಗೆ, ನೀಲಿ ಹಾಕಿ ತೊಳೆದಿದ್ದು, ಹರಿದಿದ್ದ ತೋಳಿಗೆ ಕೈಹೊಲಿಗೆ ಬೇರೆ. ಅವ್ವ ಹೆಮ್ಮೆಯಿಂದ "ಏನ್ ರಕ್ತನ ಅದು ಯವ್ವಾ, ಯಾರದೋ ಏನೋ ಅಂತ ಹೆದರಿದೆ ನಾನು. ಅರ್ಧ ಸೋಪು ಖರ್ಚಾತು ನೋಡು" ಅಂದ್ಲು.

ಬೈಯೋದು ಹೇಗೆ ಹೇಳಿ. ಬ್ಯಾಗ್ ಮೇಲೆ ಒಂದು ಚೀಟಿ ಅಂಟಿಸಿರಲಿಲ್ಲ ನಾನು, ತಪ್ಪು ನಂದು. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ದುರ್ಗದ ಲಾಡ್ಜ್ ಬಾತ್‌ರೂಮಲ್ಲಿ ಕೂತು ಮೊಬೈಲಲ್ಲಿದ್ದ ಕಂಟಿನ್ಯುಟಿ ಫೋಟೋ (ಒಂದು ಶಾಟಿಂದ ಇನ್ನೊಂದಕ್ಕೆ ಬಟ್ಟೆ ಹೊಂದಿಸೋಕೆ ತೆಗೆದಿಡೋ ಫೋಟೋ) ನೋಡ್ಕೊಂಡು ಒಂದೊಂದೇ ಕಲೆ ವಾಪಸ್ ಹಾಕಿದೆ. ಎದೆ ಕಡೆ ಫೋಟೋ ಇತ್ತು, ಬೆನ್ನಿನ ಫೋಟೋ ತೆಗೆದೇ ಇರಲಿಲ್ಲ. ಬೆನ್ನಿಗೆ ಅಂದಾಜಲ್ಲಿ ಹಚ್ಚಿದೆ. ಸಿನಿಮಾದಲ್ಲಿ ಹೀರೋ ಬಾಗಿಲು ದಾಟಿ ಒಳಗೆ ಬರೋದ್ರೊಳಗೆ ಬೆನ್ನಿನ ಕೆಸರು ಎಡದಿಂದ ಬಲಕ್ಕೆ ಹೋಗಿರುತ್ತೆ, ಇವತ್ತಿನವರೆಗೂ ಒಬ್ರೂ ಹಿಡಿದಿಲ್ಲ, ನನಗೆ ಮಾತ್ರ ಅದು ಬಿಟ್ರೆ ಬೇರೇನೂ ಕಾಣಲ್ಲ. ಅವತ್ತಿಂದ ನಾಲ್ಕೂ ಕಡೆ ಫೋಟೋ, ತೋಳು ಎಷ್ಟು ಮಡಿಕೆ, ಎಷ್ಟನೇ ಗುಂಡಿ ಬಿಚ್ಚಿದೆ, ಎಲ್ಲ ಬರೆದಿಟ್ಕೊತೀನಿ.

ಮರ್ಯಾದೆ ವಿಷಯ ಬಂದಾಗ ನಮ್ಮನ್ನ ಇವತ್ತಿಗೂ "ಲೇ ಡ್ರೆಸ್ಸೂ" ಅಂತಾನೇ ಕರೆಯೋರಿದ್ದಾರೆ. ಎಲ್ಲರಿಗಿಂತ ಮುಂಚೆ ಬಂದು ಇಸ್ತ್ರಿ ಬಿಸಿ ಮಾಡಬೇಕು, ಎಲ್ಲರೂ ಹೋದ ಮೇಲೆ ಟ್ರಂಕ್ ಲೆಕ್ಕ ಮಾಡಿ ಬೀಗ ಹಾಕಬೇಕು, ಬಾಟಾ, ಅಂದ್ರೆ ದಿನದ ಭತ್ಯೆ, ಮಾತ್ರ ಎಲ್ಲರಿಗಿಂತ ಕಮ್ಮಿ. ಅದೇ ನಮ್ಮ ದೇಶದವರಿಗೆ ಬಂದ ಮೊಟ್ಟಮೊದಲ ಆಸ್ಕರ್ ಬಟ್ಟೆ ಕೆಲಸಕ್ಕೆ ಅಂತ ಎಷ್ಟು ಜನಕ್ಕೆ ಗೊತ್ತು? ಕೊಲ್ಹಾಪುರದ ಭಾನು ಅಥೈಯಾ, 1983ರಲ್ಲಿ, ಗಾಂಧಿ ಸಿನಿಮಾಕ್ಕೆ, ಜಾನ್ ಮೊಲ್ಲೊ ಜೊತೆ. ಖಾದಿ, ಮುದುರಿದ ಪಂಚೆ, ಸಾವಿರಾರು ಜನರ ಮಾಸಿದ ಬಟ್ಟೆ, ಅದಕ್ಕೆ ಸಿಕ್ಕಿದ್ದು. 2012ರಲ್ಲಿ ಆ ಪ್ರತಿಮೆನ ಭದ್ರವಾಗಿರ್ಲಿ ಅಂತ ಅಕಾಡೆಮಿಗೇ ವಾಪಸ್ ಕೊಟ್ರು (ಕಾಸ್ಟ್ಯೂಮ್‌ನವರಿಗೆ ಸಾಮಾನು ಎಲ್ಲಿಡೋದು ಅನ್ನೋ ಚಿಂತೆ ಸಾಯೋವರೆಗೂ ಬಿಡಲ್ಲ ನೋಡಿ). ನಮ್ಮಲ್ಲೇ ವೈಶಾಲಿ ಕಾಸರವಳ್ಳಿ ಅವರಿಗೆ ತಾಯಿ ಸಾಹೇಬ ಸಿನಿಮಾದ ಬಟ್ಟೆಗೆ 1997ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದಿತ್ತು, ಜನಕ್ಕೆ ಅವರು ನಟಿಯಾಗಿ ಗೊತ್ತು, ಇದು ಗೊತ್ತಿಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಸಿನಿ ಕಾರ್ಮಿಕರ ಕಲ್ಯಾಣಕ್ಕೆ ಅಂತ ಟಿಕೆಟ್ ಮೇಲೆ ಒಂದರಿಂದ ಎರಡು ಪರ್ಸೆಂಟ್ ಸೆಸ್ ಹಾಕೋ ಕಾನೂನು ಮಾಡಿದ್ರು. ಒಳ್ಳೇದೇ. ಅದು ಇಸ್ತ್ರಿ ಪೆಟ್ಟಿಗೆ ಹಿಡಿದ ಕೈವರೆಗೂ ಬಂದ ದಿನ ಇಲ್ಲೇ ಬರೆದು ಹೇಳ್ತೀನಿ, ಖಾಲಿ ದೋಸೆ ಪಾರ್ಟಿ ನಂದು.

ಇರ್ಲಿ, ಅಸಲು ವಿಷಯಕ್ಕೆ ಬರ್ತೀನಿ. ಮುಂದಿನ ತಿಂಗಳು ಒಂದು ಹೊಸ ಕೆಲಸ ಶುರು, ದಾವಣಗೆರೆಯ ಮಿಲ್ ಕಾರ್ಮಿಕರ ಮನೆ, 1980ರ ಆಸುಪಾಸು. ಡೈರೆಕ್ಟರ್ ಚಿಕ್ಕ ಹುಡುಗ, ಕಿವಿ ಇದೆ ಅವನಿಗೆ, ಹಮಾಲಿ ಅಂಗಿ ಕಥೆ ಹೇಳಿದ್ರೆ ನೋಟ್‌ಬುಕ್ ತೆಗೆದು ಬರ್ಕೊಂಡ. ಆ ಕಾಲದ ಕಾಟನ್ ಸೀರೆ, ಟೆರಿಕಾಟ್ ಅಂಗಿ, ಬೆಲ್ ಪ್ಯಾಂಟು, ಹೆಂಗಸರ ಕೈಹೊಲಿಗೆ ಲಂಗ, ನೂಲಿನ ಟವೆಲ್ಲು ಯಾರ ಮನೆ ಟ್ರಂಕಲ್ಲಾದ್ರೂ ಬಿದ್ದಿದ್ರೆ ಪಾತ್ರೆಯವಳಿಗೆ ಹಾಕೋ ಮುಂಚೆ ನನಗೊಂದು ಮೆಸೇಜ್ ಮಾಡಿ, ಅವಳು ಕೊಡೋ ಪುಟ್ಟ ಡಬರಿಗಿಂತ ಜಾಸ್ತಿ ದುಡ್ಡು ನಾನು ಕೊಡ್ತೀನಿ, ಮನೆಗೇ ಬಂದು ತಗೊಂಡು ಹೋಗ್ತೀನಿ, ಶನಿವಾರದವರೆಗೂ ಊರಲ್ಲೇ ಇರ್ತೀನಿ.

ಹರಿದಿದ್ರೂ ಪರವಾಗಿಲ್ಲ, ಕಲೆ ಇದ್ರೂ ಪರವಾಗಿಲ್ಲ. ದಯವಿಟ್ಟು ತೊಳೆದು ಇಸ್ತ್ರಿ ಮಾಡಿ ಮಾತ್ರ ಕೊಡಬೇಡಿ. ನಮ್ಮ ಮನೇಲಿ ಅವ್ವನ ಕೈಗೆ ಸಿಗದ ಹಾಗೆ ಬೀರುವಿಗೆ ಬೀಗ ಹಾಕಿಟ್ಟಿದ್ದೀನಿ.