ಕಣ್ಣಿಡಬೇಕಾದ ಮಡಕೆಗಳು

ಡಿಸೆಂಬರ್ ಬಂತೆಂದರೆ ಪಟ್ಟಿಗಳ ಸುಗ್ಗಿ. ಮುಂದಿನ ವರ್ಷ ಓದಬೇಕಾದ ಪುಸ್ತಕ, ನೋಡಬೇಕಾದ ಊರು, ಕೊಳ್ಳಬೇಕಾದ ಷೇರು. ಈ ಸಲ ನನ್ನ ಫೋನಿಗೆ ಬಂದು ಬಿದ್ದದ್ದು ‘ಬರುವ ವರ್ಷ ಕಣ್ಣಿಡಬೇಕಾದ ಭರವಸೆಯ ಸಣ್ಣ ಕ್ರಾಫ್ಟ್ ಬ್ರೂವರಿಗಳು’. ಅಂದರೆ ಬಿಯರನ್ನು ತಾವೇ ಸಣ್ಣ ಪ್ರಮಾಣದಲ್ಲಿ ಮಾಡುವವರು. ಕಳಿಸಿದವನು ಅಕ್ಕನ ಮಗ. ಕೆಳಗೊಂದು ಸಾಲು ಬೇರೆ: ‘ಮಾವ, ಮುಂದಿನ ವರ್ಷ ಈ ಲಿಸ್ಟಲ್ಲಿ ಮೈಸೂರಿಂದೂ ಒಂದಿರುತ್ತೆ. ನಂದು.’

ಕಣ್ಣಿಡುವುದು ಅನ್ನುವ ಮಾತಿಗೆ ನಮ್ಮ ಮಂಡ್ಯ ಕಡೆ ಹಳೆಯ ಅರ್ಥವೊಂದಿದೆ. ಸಣ್ಣ ಬ್ರೂವರಿಗಳ ಮೇಲೆ ಕಣ್ಣಿಡಲೆಂದೇ ಸರ್ಕಾರ ಸಂಬಳ ಕೊಟ್ಟು ಜನ ಇಟ್ಟಿದೆ. ಅವರಿಗೆ ಜೀಪೂ ಕೊಟ್ಟಿದೆ. ನಮ್ಮ ದೊಡ್ಡಪ್ಪ ಕೆರೆ ಹಿಂದಿನ ನಾಲ್ಕು ಈಚಲ ಮರಗಳಿಗೆ ಹೆಂಡದ ಮಡಕೆ ಕಟ್ಟುತ್ತಿದ್ದ ಕಾಲದಲ್ಲಿ ಆ ಅಬಕಾರಿ ಜೀಪು ಯುಗಾದಿಗೊಮ್ಮೆ, ಮಾರಿಹಬ್ಬಕ್ಕೊಮ್ಮೆ ತಪ್ಪದೆ ಊರಿಗೆ ಬರುತ್ತಿತ್ತು. ಕಣ್ಣಿಡಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ. ‘ಭರವಸೆಯ’ ಅಂತ ಮಾತ್ರ ಯಾರೂ ಹಿಂದೆ ಸೇರಿಸಲಿಲ್ಲ. ಮಡಕೆ ಒಡೆದು, ಒಳಗಿದ್ದದ್ದನ್ನು ಮೂಸಿ ನೋಡಿ, ಹೋಗುತ್ತಿದ್ದರು. ಈಗಿನ ಭಾಷೆಯಲ್ಲಿ ಅದನ್ನು ಟೇಸ್ಟಿಂಗ್ ನೋಟ್ಸ್ ಅನ್ನಬಹುದು.

ಅಕ್ಕನ ಮಗ ಬೆಂಗಳೂರಿನಲ್ಲಿ ಹತ್ತು ವರ್ಷ ಕಂಪ್ಯೂಟರ್ ಮುಂದೆ ಕೂತು ಬಂದವನು. ಅಲ್ಲಿನ ಇಂದಿರಾನಗರದಲ್ಲಿ 2010ರಲ್ಲಿ ಟಾಯ್ಟ್ ಅನ್ನುವ ಬ್ರೂವರಿ ಪಬ್ಬು ಬಾಗಿಲು ತೆಗೆದ ಮೇಲೆ, ಬಿಯರಿನಲ್ಲೂ ಜಾತಿ ಉಪಜಾತಿ ಇದೆ ಅನ್ನುವ ಅರಿವು ಆ ಊರಿನ ಐಟಿ ಹುಡುಗರಿಗೆಲ್ಲ ಆಗಿದೆ. ಅದಕ್ಕೆ ಮುಂಚೆ ಬಿಯರು ಎರಡೇ ಥರ: ಕೋಲ್ಡು, ಕೋಲ್ಡಿಲ್ಲ. ಈಗ ಸ್ಟೌಟ್, ಪೋರ್ಟರ್, ಸೈಸನ್, ಹೆಫೆವೈಜನ್ ಎಂದು ಗೋತ್ರ ಪ್ರವರ ಹೇಳಿದ ಹಾಗೆ ಹೇಳುತ್ತಾರೆ. ಇವನೂ ಉಪನಯನ ಮಾಡಿಸಿಕೊಂಡು ಬಂದು, ಕುವೆಂಪುನಗರದ ಬಾಡಿಗೆ ಮನೆಯ ಬಚ್ಚಲಲ್ಲಿ ಇಪ್ಪತ್ತು ಲೀಟರಿನ ಗಾಜಿನ ಜಾಡಿ ಇಟ್ಟು ಪ್ರಯೋಗ ಶುರು ಮಾಡಿದ್ದ. ಜಾಡಿಯ ಬಾಯಿಗೆ ಒಂದು ಪ್ಲಾಸ್ಟಿಕ್ ಕೊಳವೆ. ಅದು ನಿಮಿಷಕ್ಕೊಮ್ಮೆ ಗುಳುಕ್ ಅನ್ನುತ್ತಿತ್ತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸಿಲ್ಲದೆ ಗುಳುಕ್ ಅನ್ನಿಸುವುದು ಈಚಲ ಮರದ ಕೆಳಗೂ ಅಪರಾಧ, ಕುವೆಂಪುನಗರದ ಬಚ್ಚಲಲ್ಲೂ ಅಪರಾಧ. ಆದರೆ ಜೀಪಿಗೆ ಕೆರೆ ಹಿಂದಿನ ದಾರಿ ಗೊತ್ತು, ಕುವೆಂಪುನಗರದ ಕ್ರಾಸುಗಳು ಗೊತ್ತಿಲ್ಲ. ಅವು ಯಾರಿಗೆ ತಾನೇ ಗೊತ್ತು ಅನ್ನಿ.

ಮೈಸೂರಿನಲ್ಲಿ ಯಾವ ಅಂಗಡಿ ತೆರೆಯಬೇಕಾದರೂ ಬೋರ್ಡಿನಲ್ಲಿ ಅರಮನೆಯ ಗೋಪುರ ಇರಲೇಬೇಕು. ಪಂಚರ್ ಅಂಗಡಿಗೂ ‘ರಾಯಲ್’ ಬೇಕು. ಹುಡುಗನ ಯೋಜನೆಯೂ ‘ಪರಂಪರೆ’ಯದೇ. ಗಾಜಿನ ಗೋಡೆಯ ಹಿಂದೆ ಥಳಥಳ ಹೊಳೆಯುವ ತಾಮ್ರದ ಹಂಡೆ, ಜರ್ಮನಿಯಿಂದ ತರಿಸುವುದಂತೆ. ಚಿತ್ರ ತೋರಿಸಿದ. ನೋಡಿದರೆ ನಮ್ಮಜ್ಜಿಯ ಬಚ್ಚಲಮನೆ ಹಂಡೆ! ಸೋಲಾರ್ ಹಾಕಿಸಿದ ವರ್ಷ ಇವನಪ್ಪನೇ ಅದನ್ನು ಗುಜರಿಗೆ ಕೆ.ಜಿ. ಲೆಕ್ಕದಲ್ಲಿ ತೂಗಿಸಿ ಕೊಟ್ಟಿದ್ದರು. ಹೊರಗಡೆ, ಪತ್ರಿಕೆಗಳಲ್ಲಿ ದಿನಾ ಕೆಆರ್‌ಎಸ್ ಮಟ್ಟ ಹಾಕುವ ಹಾಗೆ ಒಂದು ಫಲಕ: ಗರಿಷ್ಠ ಮಟ್ಟ ಇಷ್ಟು, ಇಂದಿನ ಮಟ್ಟ ಇಷ್ಟು, ಒಳಹರಿವು, ಹೊರಹರಿವು. ಅಣೆಕಟ್ಟಿನ 124.80 ಅಡಿಗೆ ಕಾಯುವವರ ಸಾಲಿಗೆ ಇನ್ನೊಂದು ಬಗೆಯ ಬಳಕೆದಾರರು. ಒಂದು ಲೀಟರ್ ಬಿಯರಿಗೆ, ತೊಳೆದು ತಣಿಸುವುದೂ ಸೇರಿ, ನಾಲ್ಕೈದು ಲೀಟರ್ ನೀರಾದರೂ ಹೋಗುತ್ತದೆ ಎಂದು ಅವನೇ ಹೇಳಿದ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ರೈತರಿಗೆ ಇದನ್ನು ಹೇಳಬೇಡ ಎಂದೆ.

ಮೊದಲ ಸಲದ ರುಚಿ ನೋಡಲು ದೊಡ್ಡಪ್ಪನನ್ನು ಊರಿಂದ ಕರೆಸಿದ್ದೆ. ಎಂಬತ್ತರ ಮೇಲಾಗಿದೆ, ಅನುಭವಕ್ಕೆ ಬೆಲೆ ಕೊಡಬೇಕಲ್ಲ. ಹುಡುಗ ಚಪಾತಿ ಮಣೆಯ ಮೇಲೆ ನಾಲ್ಕು ಪುಟ್ಟ ಗಾಜಿನ ಲೋಟ ಜೋಡಿಸಿ ತಂದ. ಇದಕ್ಕೆ ಫ್ಲೈಟ್ ಅನ್ನುತ್ತಾರಂತೆ. ಮಂಡಕಳ್ಳಿಯಿಂದ ಏಳುವ ವಿಮಾನಗಳಿಗಿಂತ ಹೆಚ್ಚು ಫ್ಲೈಟು ಆ ಮಣೆಯಿಂದಲೇ ಎದ್ದಾವು.

ಮೊದಲನೆಯದು ಗೋಧಿ ಬಿಯರು. ಮೂಗಿಗೆ ಹಿಡಿದರೆ ಬಾಳೆಹಣ್ಣಿನ ಘಮ, ಹಿಂದೆಯೇ ಒಂಚೂರು ಲವಂಗ. ಹುಡುಗ ಇದಕ್ಕೆ ನಂಜನಗೂಡು ರಸಬಾಳೆಯ ಹೆಸರಿಡುವ ಲೆಕ್ಕಾಚಾರದಲ್ಲಿದ್ದ. ಎಷ್ಟು ಹಣ್ಣು ಹಾಕಿದ್ದೀಯಪ್ಪ ಎಂದು ಕೇಳಿದೆ. ಹಣ್ಣೇ ಇಲ್ಲವಂತೆ. ಈ ಜಾತಿಯ ಯೀಸ್ಟ್ ಹುದುಗುವಾಗ ಬಾಳೆಹಣ್ಣಿನ ವಾಸನೆಯನ್ನು ತಾನೇ ಹುಟ್ಟಿಸುತ್ತದಂತೆ. ಅಲ್ಲಿ ನಂಜನಗೂಡಿನ ತೋಟಗಳಲ್ಲಿ ಪನಾಮಾ ಸೊರಗು ರೋಗ ಹತ್ತಿ ನಿಜವಾದ ರಸಬಾಳೆ ಉಳಿದಿರುವುದೇ ಅಷ್ಟಿಷ್ಟು. ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯ ಪತ್ರ ಭದ್ರವಾಗಿದೆ, ಗೊನೆ ಇಲ್ಲ. ಇಲ್ಲಿ ಬಚ್ಚಲ ಜಾಡಿಯಲ್ಲಿ ಹಣ್ಣಿಲ್ಲದೆ ಘಮ ಬರುತ್ತಿದೆ. ಪರಂಪರೆಯನ್ನು ಉಳಿಸುವ ಈ ವಿಧಾನ ನಮ್ಮ ಊರಿಗೆ ಹೊಸದಲ್ಲ ಬಿಡಿ.

ಎರಡನೆಯದನ್ನು ದೊಡ್ಡಪ್ಪ ಬಾಯಲ್ಲಿ ಹೊರಳಾಡಿಸಿ ಸುಮ್ಮನೆ ಕೂತ. ಜರ್ಮನಿಯ ಗೋಜೆ ಅನ್ನುವ ಬಿಯರು, ಹುಳಿ ಇರುತ್ತೆ, ಉಪ್ಪು ಹಾಕ್ತಾರೆ, ಕೊತ್ತಂಬರಿ ಬೀಜ ಹಾಕ್ತಾರೆ, ಬಲು ಅಪರೂಪದ್ದು ಎಂದು ಹುಡುಗ ವಿವರಿಸಿದ.

“ನೀರ್ಮಜ್ಗೆ ಕಣ್ಲಾ ಇದು,” ಅಂದ ದೊಡ್ಡಪ್ಪ. “ಇಂಗು ಮರ್ತವ್ರೆ.”

ಮೂರನೆಯದು ಐಪಿಎ. ಇಂಡಿಯಾ ಪೇಲ್ ಏಲ್. ಇಂಗ್ಲೆಂಡಿನಲ್ಲಿ ಮಾಡಿ, ಹಡಗಿನಲ್ಲಿ ತುಂಬಿ, ಇಲ್ಲಿದ್ದ ಬಿಳಿ ಅಧಿಕಾರಿಗಳ ಗಂಟಲಿಗೆಂದು ಕಳಿಸುತ್ತಿದ್ದ ಸರಕು. ಇಂಡಿಯಾದವರಿಗೆ ಒಂದು ಗುಟುಕೂ ಕೊಡದೆ ಇಂಡಿಯಾ ಹೆಸರಿಟ್ಟರು. ಕಹಿ ಬರಿಸುವುದು ಹಾಪ್ಸ್ ಅನ್ನುವ ಹೂವು. ನಮ್ಮ ಸೀಮೆಯಲ್ಲಿ ಬೆಳೆಯುವುದಿಲ್ಲ, ಜರ್ಮನಿಯಿಂದಲೋ ಅಮೆರಿಕದಿಂದಲೋ ಪೊಟ್ಟಣದಲ್ಲಿ ಬರಬೇಕು. ದೊಡ್ಡಪ್ಪ ಒಂದು ಗುಟುಕು ನುಂಗಿ ಮುಖ ಕಿವುಚಿದ. ಮಕ್ಕಳಿಗೆ ಹೊಟ್ಟೆಹುಳ ಆದಾಗ ಬೇವಿನ ಸೊಪ್ಪು ಅರೆದು ಇದನ್ನೇ ಕುಡಿಸುತ್ತಿದ್ದರಂತೆ, ಅದಕ್ಕೆ ಯಾರೂ ಕಾಸು ಕೇಳಿರಲಿಲ್ಲವಂತೆ.

ಹುಡುಗ ಸೋಲೊಪ್ಪಲಿಲ್ಲ. “ತಾತ, ನನ್ನ ಕನಸು ಬೇರೇನೇ ಇದೆ. ಬೆಲ್ಜಿಯಂನಲ್ಲಿ ಲ್ಯಾಂಬಿಕ್ ಅಂತ ಮಾಡ್ತಾರೆ. ಯೀಸ್ಟ್ ಹಾಕೋದೇ ಇಲ್ಲ. ಗಾಳೀಲಿ ಇರೋದೇ ಬಂದು ಕೂತು ಹುದುಗಬೇಕು. ಅದಕ್ಕೇ ಅಲ್ಲಿ ಅಟ್ಟದ ಜೇಡರಬಲೆ ಕೂಡ ತೆಗೆಯಲ್ಲ. ಜಗತ್ತಿನಲ್ಲೇ ಅತ್ಯಂತ ಕಷ್ಟದ ಕಲೆ ಅದು.”

“ಅಂದ್ರೆ ಮಡ್ಕೆ ತೊಳ್ಯದೆ ಕಟ್ಟದು.”

“ಹಾಗಲ್ಲ ತಾತ...”

“ಹಂಗೇ ಕಣ್ಲಾ. ತೊಳುದ್ರೆ ಉಳಿ ಬರಲ್ಲ. ನಮ್ಮಪ್ಪ ನಂಗೆ ಏಳ್ಕೊಟ್ಟಿದ್ದು ಅದೊಂದೇಯ.”

ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಒಂದು ಶುದ್ಧತೆಯ ಕಾನೂನು ಬಂತು. ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲ. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಎಂದು ಅದರ ಕಟ್ಟಪ್ಪಣೆ. ಯೀಸ್ಟಿನ ಹೆಸರೇ ಅದರಲ್ಲಿಲ್ಲ, ಏಕೆಂದರೆ ಅಂಥದ್ದೊಂದು ಜೀವ ಇದೆ ಎಂದು ಯಾರಿಗೂ ತಿಳಿದಿರಲಿಲ್ಲ. ಕೆಲಸವನ್ನೆಲ್ಲ ಮಾಡುವವನ ಹೆಸರು ಕಡತದಲ್ಲಿ ಇಲ್ಲದಿರುವುದು ಎಲ್ಲ ದೇಶದಲ್ಲೂ ಇದ್ದದ್ದೇ. ನಮ್ಮ ಬಚ್ಚಲಿನ ಜಾಡಿಗೆ ಮಾತ್ರ ಯೀಸ್ಟ್ ಪೊಟ್ಟಣದಲ್ಲಿ ಬಂದಿತ್ತು, ಮೇಲೆ ಜಿಎಸ್‌ಟಿ ಹಾಕಿಸಿಕೊಂಡು.

ನಾಲ್ಕನೆಯದು ಹುಡುಗನ ಹೆಮ್ಮೆ: ರಾಗಿ ಬಿಯರು. ರಾಗಿಯಿಂದ ಹೀಗೆ ಮಾಡಬಹುದೆಂದು ತಾನೇ ಕಂಡುಹಿಡಿದೆ ಅಂದುಕೊಂಡಿದ್ದ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ತೋಂಗ್ಬಾ ಎಂದು ಹುದುಗಿದ ರಾಗಿಗೆ ಬಿಸಿನೀರು ಹೊಯ್ದು ಬಿದಿರಿನ ಕೊಳವೆಯಲ್ಲಿ ಹೀರುತ್ತಾರೆ, ಎಷ್ಟು ತಲೆಮಾರಿನಿಂದಲೋ. ಅದನ್ನು ಹೇಳಿ ಅವನ ಉತ್ಸಾಹಕ್ಕೆ ನೀರು ಹೊಯ್ಯಲು ಮನಸ್ಸಾಗಲಿಲ್ಲ. ದೊಡ್ಡಪ್ಪ ಇದನ್ನು ಮಾತ್ರ ಪೂರ್ತಿ ಕುಡಿದ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ತೆಗೆದಾಗ ಅದನ್ನು ಹೊಲಕ್ಕೆ ಎರಚಿದವರಲ್ಲಿ ಇವನೂ ಒಬ್ಬ. ರಾಗಿಯ ಮಾತೆತ್ತಿದರೆ ಅವನು ಲೆಕ್ಕಕ್ಕೆ ಕೂರುತ್ತಾನೆ.

“ಒಂದ್ ಲೀಟ್ರಿಗೆ ಎಷ್ಟ್ ರಾಗಿ?”

“ಎಲ್ಲಾ ಕಾಳೂ ಸೇರಿ ಇನ್ನೂರು ಗ್ರಾಂ ತಾತ. ಅದ್ರಲ್ಲಿ ರಾಗಿ ಅರ್ಧ.”

“ಒಂದ್ ಲೋಟ ಎಷ್ಟಕ್ ಮಾರೀಯೆ?”

ಹುಡುಗ ಮೆನು ಕಾರ್ಡು ತೋರಿಸಿದ. ಮುನ್ನೂರೈವತ್ತು.

2025-26ರ ಬೆಂಬಲ ಬೆಲೆ ಕ್ವಿಂಟಲ್ ರಾಗಿಗೆ 4,886 ರೂಪಾಯಿ. ಲೀಟರಿಗೆ ಮೂರು ಲೋಟ. ದೊಡ್ಡಪ್ಪ ಬೆರಳು ಮಡಚಿ ಬಿಡಿಸಿ, ಲೋಟದಲ್ಲಿರುವ ರಾಗಿಯ ಬೆಲೆ ಒಂದೂಮುಕ್ಕಾಲು ರೂಪಾಯಿಯೂ ಆಗಲಿಲ್ಲ ಎಂದು ತೀರ್ಮಾನ ಹೇಳಿದ. ಉಳಿದದ್ದು ಏನು ಎಂದು ಕೇಳಿದ. ಬಾಡಿಗೆ, ಕರೆಂಟು, ಲೈಸೆನ್ಸು, ಆಂಬಿಯೆನ್ಸು ಎಂದ ಹುಡುಗ. ಕೊನೆಯದು ಏನೆಂದು ದೊಡ್ಡಪ್ಪನಿಗೆ ಗೊತ್ತಾಗಲಿಲ್ಲ. ಕೆರೆ ಹಿಂದಿನ ಈಚಲ ಮರದ ನೆರಳು ಇತ್ತಲ್ಲ, ಅದು ಎಂದೆ. “ಅದ್ಕೂ ಕಾಸಾ?” ಅಂದ.

ಈ ಲೈಸೆನ್ಸಿನ ವಿಷಯಕ್ಕೆ ಬಂದರೆ, ರಾಜ್ಯದಲ್ಲಿ ನಿಜವಾಗಿ ಕಣ್ಣಿಡಬೇಕಾದ ಭರವಸೆಯ ಉದ್ಯಮಿ ಬೇರೆಯೇ ಇದ್ದಾನೆ. ಸಂವಿಧಾನದ 47ನೇ ವಿಧಿ ಪಾನನಿಷೇಧ ತರಲು ಪ್ರಯತ್ನಿಸು ಎಂದು ಅವನಿಗೆ ಹೇಳಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಅವನ ಗುರಿ 40,000 ಕೋಟಿ ರೂಪಾಯಿ. ಕುಡಿಯಬೇಡಿ ಎಂದು ಹೇಳಲು ಮದ್ಯಪಾನ ಸಂಯಮ ಮಂಡಳಿ ಇಟ್ಟಿದ್ದಾನೆ, ಕುಡಿಯುವುದನ್ನು ಮಾರಲು ಎಂಎಸ್‌ಐಎಲ್ ಇಟ್ಟಿದ್ದಾನೆ. ಅದೇ ಎಂಎಸ್‌ಐಎಲ್ ಮಕ್ಕಳಿಗೆ ಲೇಖಕ್ ನೋಟ್ ಪುಸ್ತಕವನ್ನೂ ಕೊಡುತ್ತದೆ, ಅಪ್ಪಂದಿರಿಗೆ ಬಾಟಲಿಯನ್ನೂ ಕೊಡುತ್ತದೆ, ಅಮ್ಮಂದಿರಿಗೆ ಚಿಟ್ ಫಂಡನ್ನೂ ನಡೆಸುತ್ತದೆ. ಇಡೀ ಸಂಸಾರದ ಬಗ್ಗೆ ಇಷ್ಟು ಕಾಳಜಿ ಇರುವ ಸಂಸ್ಥೆ ಇನ್ನೊಂದಿಲ್ಲ.

ಈಚಲ ಮರದ ಗ್ರಹಚಾರ ನೋಡಿ. ಸ್ವಾತಂತ್ರ್ಯ ಬರುವ ಮೊದಲು, ಸರ್ಕಾರಕ್ಕೆ ಹೆಂಡದ ಆದಾಯ ತಪ್ಪಲಿ ಎಂದು ಸತ್ಯಾಗ್ರಹಿಗಳು ಅದನ್ನು ಕಡಿದರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ನಡೆದದ್ದು ಚರಿತ್ರೆಯಲ್ಲೇ ಇದೆ. ಸ್ವಾತಂತ್ರ್ಯ ಬಂದ ಮೇಲೆ, ಸರ್ಕಾರಕ್ಕೆ ಆದಾಯ ತಪ್ಪದಿರಲಿ ಎಂದು ಮಡಕೆ ಒಡೆದರು. ಹಳೇ ಮೈಸೂರಿನ ಕಡೆ ಹೆಂಡಕ್ಕೆ ಬೀಗ ಬಿತ್ತು. 2007ರ ಜುಲೈ 1ರಿಂದ ಸಾರಾಯಿಯೂ ಹೋಯಿತು. ಗಂಟಲುಗಳಿಗೆ ಮಾತ್ರ ಯಾರೂ ಬೀಗ ಹಾಕಿರಲಿಲ್ಲವಾದ್ದರಿಂದ ಅವು ಎದ್ದು ಎಂಆರ್‌ಪಿ ಅಂಗಡಿಯ ಮುಂದೆ ಸಾಲು ನಿಂತವು.

ನೀರಾದ, ಅಂದರೆ ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿರಸದ, ಕಥೆ ಇನ್ನೂ ಚೆನ್ನ. ತೆಂಗಿನ ಬೆಳೆಗಾರರು ವರ್ಷಗಟ್ಟಲೆ ಕೂಗಿದ ಮೇಲೆ ನೀರಾ ಇಳಿಸಲು ಕಾನೂನು ಒಪ್ಪಿತು, ಆದರೆ ಹುದುಗಬಾರದು. ನೀರಾದ ಹುಟ್ಟುಗುಣವೇ ಬಿಸಿಲೇರಿದಂತೆ ಹುದುಗುವುದು. ಹೀಗಾಗಿ ಒಂದೇ ಮಡಕೆ ಬೆಳಗ್ಗೆ ಆರಕ್ಕೆ ಪೌಷ್ಟಿಕ ಪಾನೀಯ, ಮಧ್ಯಾಹ್ನಕ್ಕೆ ಆರೋಪಿ. ಮಂಜುಗಡ್ಡೆಯಲ್ಲಿ ಇಟ್ಟರೆ ಜಾಮೀನು. ಅದೇ ಹುದುಗುವಿಕೆ ಸ್ಟೀಲ್ ಟ್ಯಾಂಕಿನೊಳಗೆ, ಏಸಿ ಹಾಲಿನಲ್ಲಿ, ಗಡ್ಡ ಬಿಟ್ಟ ಹುಡುಗನೊಬ್ಬನ ಮೇಲ್ವಿಚಾರಣೆಯಲ್ಲಿ ನಡೆದರೆ ಅದಕ್ಕೆ ಕ್ರಾಫ್ಟ್ ಎಂದು ಹೆಸರು. ಕ್ರಾಫ್ಟ್ ಅಂದರೆ ಕೈಕಸುಬು. ಮರ ಹತ್ತಿ ಮಡಕೆ ಕಟ್ಟುವಾಗ ದೊಡ್ಡಪ್ಪ ಬಳಸುತ್ತಿದ್ದದ್ದು ಕೈಯನ್ನೇ, ಕಾಲನ್ನೂ ಬಳಸುತ್ತಿದ್ದ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ತಾತನ ಮುಖವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, “ಮಾವ, ತಾತನ ಫೋಟೋ ಲೇಬಲ್ ಮೇಲೆ ಹಾಕಿದ್ರೆ ಹೇಗೆ? ತಲೆಗೆ ಟವಲ್ ಸುತ್ತಿ, ಪಕ್ಕದಲ್ಲೊಂದು ಮಡಕೆ. ಕಥೆ ಬೇಕು ಮಾವ, ಬ್ರ್ಯಾಂಡಿಗೆ ಕಥೆ ಬೇಕು,” ಅಂದ. ಜೀಪಿನವರು ತೆಗೆದ ಹಳೆಯ ಫೋಟೋ ಒಂದು ಕಡತದಲ್ಲಿ ಇರಬಹುದು, ಕೇಳಿ ನೋಡು ಎಂದೆ.

ದೊಡ್ಡಪ್ಪನಿಗೆ ಇದು ಯಾವುದೂ ಬೇಕಿರಲಿಲ್ಲ. ಅವನ ಕಣ್ಣು ಬಚ್ಚಲ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟಿನ ಮೇಲಿತ್ತು. ಸಾರವೆಲ್ಲ ಇಳಿದ ಮೇಲೆ ಉಳಿದ ಕಾಳಿನ ಚರಟ, ಎಂಟು ಹತ್ತು ಕೆ.ಜಿ. ಇತ್ತು. ಎಸೆಯೋದು ಎಂದ ಹುಡುಗ. ದೊಡ್ಡಪ್ಪ ಎದ್ದು ಹೋಗಿ ಒಂದು ಹಿಡಿ ತೆಗೆದು ಮೂಸಿ, ಹಿಸುಕಿ, ಬಾಯಿಗೂ ಹಾಕಿಕೊಂಡ. ಬಿಯರಿನ ನಾಲ್ಕು ಲೋಟಕ್ಕೂ ಬಾರದ ಬೆಳಕು ಈಗ ಮುಖಕ್ಕೆ ಬಂತು. “ಬೂಸಾ! ಲೋ, ಎಸೀಬ್ಯಾಡ ಕಣ್ಲಾ. ನಮ್ ಅಸ ಈದೈತೆ.” ಮುಂದಿನ ಸಲ ಯಾವಾಗ ಕಾಯಿಸುತ್ತೀಯ ಎಂದು ಕೇಳಿದ. ತಿಂಗಳಿಗೆರಡು ಸಲ ಎಂದು ಮಾತಾಯಿತು. ಹುಡುಗನ ಉದ್ಯಮಕ್ಕೆ ಸಿಕ್ಕ ಮೊದಲ ಗಿರಾಕಿ ಹೀಗೆ ಒಂದು ಹಸು. ಡೇರಿಗೆ ಅದು ಹಾಕುವ ಹಾಲಿನ ಜಿಡ್ಡಿನಂಶವನ್ನು ಲೆಕ್ಕ ಹಾಕಿದರೆ ಇಡೀ ಯೋಜನೆಯಲ್ಲಿ ಲಾಭ ಮಾಡುವ ಘಟಕವೂ ಅದೊಂದೇ ಆಗಬಹುದು.

ಸಂಜೆ ಅವನನ್ನು ಮಂಡ್ಯದ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ಗೋಣಿಚೀಲ ಸೀಟಿನ ಕೆಳಗೆ ಇಟ್ಟೆವು. ಬಸ್ಸು ಹೊರಡುವ ಮೊದಲೇ ಘಮ ಹಬ್ಬಿತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ಕಂಡಕ್ಟರು ಬಂದು ಬಗ್ಗಿ ಮೂಸಿದ.

“ಏನಜ್ಜ ಇದು? ಎಂಡದ ವಾಸ್ನೆ ಒಡೀತದೆ?”

ದೊಡ್ಡಪ್ಪ ಕಿಟಕಿಯಾಚೆ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಟವಲು ಸರಿಮಾಡಿಕೊಂಡು ನೆಟ್ಟಗೆ ಕೂತು ಹೇಳಿದ:

“ಕ್ರಾಫ್ಟು ಕಣಪ್ಪ.”

ಕಂಡಕ್ಟರು ಮರುಮಾತಿಲ್ಲದೆ ಲಗೇಜಿನ ಟಿಕೇಟು ಹರಿದು ಕೊಟ್ಟ.